ಸೆಲ್ಫ್ ಹೊಡೆದ ಹತ್ತು ಸೆಕೆಂಡು

"ಬ್ಯಾಟರಿ ಹೊಸಾದೈತಿ, ಗಾಡಿ ಚಲೋ ಐತಿ, ಮತ್ಯಾಕ್ರಿ ಸಾಹುಕಾರ್ರ ಈ ಡಬ್ಬಿ?" ಎಂದು ಭಾಗಪ್ಪ ಮೂರನೆಯ ಸಲ ಕೇಳಿದ. ಡ್ರೈವರನ ಮಾತಿಗೆ ಯಾರು ಕಿವಿಗೊಡುತ್ತಾರೆ? ಟಿಕೋಟಾದಲ್ಲಿ ಅಶ್ಫಾಕನ ಗ್ಯಾರೇಜಿನ ಗೋಡೆಗೆ ಮುಖ ಮಾಡಿ ಕಾರು ನಿಂತಿತ್ತು. ಮೂರರ ಬಿಸಿಲು. ಬಂಪರಿಗೂ ಗೋಡೆಗೂ ನಡುವೆ ಒಬ್ಬರು ಕೂರುವಷ್ಟು ನೆರಳು ಬಿದ್ದಿತ್ತು. ಭಾಗಪ್ಪ ಆ ಕಡೆ ಮಾತ್ರ ನೋಡುತ್ತಿರಲಿಲ್ಲ.

"ಲೇ ಹುಚ್ಚಪ್ಪಾ, ನಿನ್ನ ಸಲುವಾಗೇ ಹಾಕಿಸಾಕತ್ತೇನಿ," ಎಂದ ಕಾರಿನ ಮಾಲೀಕ ಶಿವಶರಣಪ್ಪ. ಒಣದ್ರಾಕ್ಷಿ ವ್ಯಾಪಾರದ ಮನುಷ್ಯ. ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. "ಹೋದ ವರ್ಷ ಆ ಹತ್ತು ಸೆಕೆಂಡಿನ ವಿಡಿಯೋ ಇದ್ದಿದ್ರ ನಿನ್ನ ಕಡೆ ಯಾರೂ ಬೆಟ್ಟು ಮಾಡಿ ತೋರಸ್ತಿರಲಿಲ್ಲ."

ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾದ ವೈರು ಹಿಡಿದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಕೈ ತೂರಿಸಿದ್ದ ಅಶ್ಫಾಕ ಅಲ್ಲಿಂದಲೇ ಹೇಳಿದ: "ಸೆಲ್ಫ್ ಹೊಡದಾಗ ಇದ್ದ ಕರೆಂಟೆಲ್ಲಾ ಇಂಜಿನ್ ಎಳಕೋತೈತಣ್ಣ. ಕ್ಯಾಮೆರಾ ಸತ್ತು ಮತ್ತ ಹುಟ್ಟಾಕ ಹತ್ತು ಸೆಕೆಂಡು ಬೇಕು. ಈ ಡಬ್ಬಿಗೆ ಸೂಪರ್ ಕೆಪಾಸಿಟರ್ ಅಂತಾರ. ನಳ ಬಂದ್ ಆದಾಗ ಮನ್ಯಾಗ ತುಂಬಿಟ್ಟ ಕೊಡ ಇರ್ತೈತಲ್ಲ, ಹಂಗ. ಆ ಹೊತ್ತಿನ ಪೂರ್ತೆ ಕರೆಂಟು ಇದು ಕೊಡತೈತಿ. ಇನ್ನ ಕ್ಯಾಮೆರಾ ಕಣ್ಣ ಮುಚ್ಚೂದಿಲ್ಲ."

ಹೋದ ವರ್ಷದ್ದು ಸಾರವಾಡದ ಮಾತು. ದ್ರಾಕ್ಷಿ ಸುಗ್ಗಿ, ಸುಡುಸುಡು ಬಿಸಿಲು. ಈ ಕಡೆ ಗಾಡಿ ನಿಂತರೆ ಸಾಕು, ಅದರ ನೆರಳಿಗೆ ನಾಯಿ, ಕುರಿ, ಮನುಷ್ಯರು ಎಲ್ಲ ಬಂದು ಸೇರುತ್ತಾರೆ. ಅದಕ್ಕೇ ಡ್ರೈವರಾದವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿಗೆ ಎರಡು ಏಟು ಬಡಿದು, "ಏಳ್ರಿ, ಗಾಡಿ ಹೊಂಟತಿ" ಎನ್ನಬೇಕು. ಇಪ್ಪತ್ತು ವರ್ಷ ಭಾಗಪ್ಪ ಅದನ್ನು ತಪ್ಪಿಸಿದವನಲ್ಲ. ಅವತ್ತು ಸಾಹುಕಾರನ ಫೋನು ಬಂತು, ಲಗೂ ಬಾ ಎಂದು. ಮಾತಾಡುತ್ತಲೇ ಹತ್ತಿದ, ಮಾತಾಡುತ್ತಲೇ ಸೆಲ್ಫ್ ಹೊಡೆದ. ದ್ರಾಕ್ಷಿ ಬುಟ್ಟಿಯ ಮುದುಕಿ ತಿಪ್ಪವ್ವ ಗಾಲಿಗೆ ಸಿಕ್ಕು, ಎಂಟು ದಿನಕ್ಕೆ ತೀರಿಕೊಂಡಳು. ಕ್ಯಾಮೆರಾ ಕಣ್ಣು ಬಿಡುವ ಹೊತ್ತಿಗೆ ರಸ್ತೆಯ ತುಂಬ ದ್ರಾಕ್ಷಿ, ಓಡಿ ಬರುವ ಜನ, ಅಷ್ಟೇ. "ಗಾಡಿ ಹೊಂಟಮ್ಯಾಲ ಅಡ್ಡ ಓಡಿ ಬಂದಳು" ಎಂದ ಭಾಗಪ್ಪ. ಮೊಣಕಾಲು ಹಿಡಿದ ಮುದುಕಿ ಓಡುತ್ತಾಳೆಯೇ ಎಂದು ಸಾರವಾಡದವರು ಗೊಣಗಿದರು. ಸಾಹುಕಾರ ಮಾತ್ರ ನಂಬಿದ. ಭಾಗಪ್ಪನ ಕೆಲಸ ಉಳಿಯಿತು.

"ಸೆಲ್ಫ್ ಹೊಡಿಯಣ್ಣ," ಎಂದ ಅಶ್ಫಾಕ. ಭಾಗಪ್ಪ ಬಾಗಿಲು ತೆರೆದಿಟ್ಟೇ ಕುಳಿತು ಕೀಲಿ ತಿರುವಿದ. ಕ್ಯಾಮೆರಾದ ಕೆಂಪು ದೀಪ ಈ ಸಲ ಆರಲಿಲ್ಲ. ಅಶ್ಫಾಕ ತನ್ನ ಮೊಬೈಲಿನಲ್ಲಿ ಆ ವಿಡಿಯೋ ತೆರೆದ. ಸುಣ್ಣದ ಗೋಡೆ, ಗೋಡೆಗೆ ಒರಗಿಸಿದ ಹಳೆಯ ಟಾಯರು. ಮತ್ತೇನಿಲ್ಲ.

ಅಶ್ಫಾಕ ಮೊಬೈಲನ್ನು ಕಿವಿಯ ಹತ್ತಿರ ಹಿಡಿದ. "ಇದ್ಯಾರೋ ಮುದುಕಿ? 'ತಡಿಯೋ ಯಪ್ಪಾ, ಏಳ್ತೇನಿ' ಅನ್ನಾಕತ್ತಾಳ?"

"ಓಣ್ಯಾಗಿನಾಕಿ ಯಾರರ ಇದ್ದಾಳು," ಎಂದು ಸಾಹುಕಾರ ನಕ್ಕ. "ನಿನ್ನ ಕ್ಯಾಮೆರಾಕ ಕಣ್ಣ ಅಷ್ಟ ಅಲ್ಲ, ಕಿವೀನೂ ಬಂದಾವ ಬಿಡು."

ಭಾಗಪ್ಪ ಇಂಜಿನ್ ಬಂದ್ ಮಾಡಿದ. ಆ ಮಾತನ್ನು ಅವತ್ತು ಸಾರವಾಡದಲ್ಲಿ ಕೇಳಿದವನು ಅವನೊಬ್ಬನೇ. ಬಾನೆಟ್ಟಿನ ಕೆಳಗಿಂದ ಬಂದಿತ್ತು. ಕೇಳಿತ್ತು, ಆದರೆ ಕಿವಿಯಲ್ಲಿ ಸಾಹುಕಾರನ ಫೋನಿತ್ತು, ಕಾಲು ಆಗಲೇ ಕ್ಲಚ್ ಬಿಟ್ಟಿತ್ತು. ಪೊಲೀಸರಿಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

"ಇನ್ನೊಮ್ಮಿ ಹೊಡಿಯಣ್ಣ, ಪಕ್ಕಾ ಮಾಡೋಣು."

ಎರಡನೆಯ ವಿಡಿಯೋದಲ್ಲಿ ಧ್ವನಿ ಇನ್ನೂ ಹತ್ತಿರವಾಗಿತ್ತು. ಮೊದಲು ಒಂದು ನರಳಿಕೆ. ಬಂಪರಿಗೆ ಬಳೆ ತಾಗಿದ ಸಪ್ಪಳ. ಮೊಣಕಾಲು ನೋವಿನವರು ಏಳುವಾಗ ಆಸರೆಗೆ ಕೈ ಊರುತ್ತಾರಲ್ಲ, ಹಾಗೆ. ಆಮೇಲೆ ಅದೇ ಮಾತು: ತಡಿಯೋ ಯಪ್ಪಾ. ಅಶ್ಫಾಕ ಎದ್ದು ಕಾರಿನ ಮುಂದೆ ಬಗ್ಗಿ ನೋಡಿ ಬಂದ. "ಯಾರೂ ಇಲ್ಲಲ್ಲೋ ಮಾರಾಯಾ," ಎಂದವನು ಮೊಬೈಲನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಮೂರನೆಯ ಸಲ ಹೊಡಿ ಅನ್ನಲಿಲ್ಲ.

"ನಡೀ, ಹೊತ್ತಾತು, ಬಬಲೇಶ್ವರಕ್ಕ ಹೋಗೂದೈತಿ," ಎಂದು ಸಾಹುಕಾರ ಹಿಂದಿನ ಸೀಟಿನಲ್ಲಿ ಕುಳಿತ.

ಭಾಗಪ್ಪ ಇಂಜಿನ್ ಬಂದ್ ಮಾಡಿ, ಕೀಲಿ ಕಿತ್ತುಕೊಂಡು ಕೆಳಗಿಳಿದ. ಗಾಡಿಯ ಹಿಂದಿನಿಂದ ಸುತ್ತು ಹಾಕಿ ಬಂದು ಬಾನೆಟ್ಟಿಗೆ ಎರಡು ಏಟು ಬಡಿದ. ಬಡಿದು, ಆ ತುಂಡು ನೆರಳಿನ ಮುಂದೆ ಬಗ್ಗಿ, ಬರಿಯ ಗಾಳಿಗೆ ಕೈ ನೀಡಿ ನಿಂತ. ಸಾಹುಕಾರ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಯಾಕ ನಿಂತೀಲೇ? ಯಾರ ಅದಾರಲ್ಲಿ?"

ಕೀಲಿ ಕಿತ್ತಿದ್ದರೂ ಮುಂದಿನ ಗಾಜಿನ ಹಿಂದೆ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಭಾಗಪ್ಪ ತಲೆ ಎತ್ತಲಿಲ್ಲ.

"ಸ್ವಲ್ಪ ತಡೀರಿ ಸಾಹುಕಾರ್ರ. ಮೊಣಕಾಲ ಹಿಡದಾವ ಆಕೀವು. ಏಳಾಕ ಹೊತ್ತ ಬೇಕು."