ಥರ್ಮೋಕೋಲ್ ಹಿಡಿದವಳು

"ಅಮ್ಮಂದು ಈಚಿನ ಫೋಟೋ ಒಂದಾದ್ರೂ ಇಲ್ವೇನಪ್ಪಾ?" ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಗೋಡೆಗೆ ಹಾಕಲು ತಂದ ಖಾಲಿ ಚೌಕಟ್ಟು ಮಗಳ ಮಡಿಲಲ್ಲಿತ್ತು.

ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ಸರಿಸುತ್ತ ಹೋದ. ಸೌಟು, ಜರಡಿ, ಬೀಗ, ತುಕ್ಕು ಹಿಡಿದ ಕತ್ತರಿ. ಭಾನುವಾರ ಬಂತೆಂದರೆ ಮನೆಯ ಸಾಮಾನುಗಳ ಫೋಟೋ ತೆಗೆಯುವುದು ಅವನ ಹುಚ್ಚು. ಕಿಟಕಿಯ ಬೆಳಕನ್ನು ಅವುಗಳ ಮೇಲೆ ತಿರುಗಿಸಲು ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ನಿಲ್ಲುವುದು ಹೆಂಡತಿಯ ಪಾಲಿನ ಕೆಲಸ. "ನಿಮ್ಮ ಸೌಟಿಗಿರೋ ಯೋಗ ನನಗಿಲ್ಲ ಬಿಡಿ," ಎಂದು ಅವಳು ನಗುತ್ತಿದ್ದಳು.

ಸ್ಟೀಲ್ ಕೆಟಲಿನ ಫೋಟೋ ಬಂದಾಗ ಮಗಳು ಅವನ ಕೈ ತಡೆದಳು. "ನಿಲ್ಲಪ್ಪಾ, ಕೆಟಲಲ್ಲಿ ಕಾಣ್ತಿರೋದು ಅಮ್ಮನೇ ಅಲ್ವಾ?"

ಅವನು ಫೋಟೋ ದೊಡ್ಡದು ಮಾಡಿದ. ಹೌದು, ಅವಳೇ. ಫಳಫಳ ಹೊಳೆಯುವ ಸ್ಟೀಲಿನಲ್ಲಿ ಅವಳ ಬರಿಗಾಲುಗಳಿದ್ದವು, ಹಲಗೆಯ ಅಂಚನ್ನು ಬಿಗಿಹಿಡಿದ ಬೆರಳುಗಳಿದ್ದವು. ಮುಖವಿರಬೇಕಾದ ಕಡೆ ಬರೀ ಬಿಳಿ ಹಲಗೆ.

"ಅಯ್ಯೋ, ಮುಖಕ್ಕೇ ಅಡ್ಡ ಹಿಡ್ಕೊಂಡಿದ್ದಾಳಲ್ಲ! ಯಾಕಪ್ಪಾ?"

ಅವನ ಕಿವಿಯಲ್ಲಿ ಅಂದಿನ ತನ್ನದೇ ಗದರಿಕೆ ಮೊಳಗಿತು: "ಕೆಟಲಲ್ಲಿ ನಿನ್ನ ಮುಖ ಬರ್ತಿದೆ ಕಣೇ, ಫೋಟೋ ಹಾಳಾಗುತ್ತೆ. ಇನ್ನೂ ಸ್ವಲ್ಪ ಮೇಲೆತ್ತು."