ಲಾಸ್ಟ್ ಸೀನ್

ಅಮ್ಮನ ತಿಥಿಯ ಫೋಟೋವನ್ನು ಅಕ್ಕ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ, ತಂಗಿ ಅದಕ್ಕೆ ಕಣ್ಣೀರು ಬರುವಂತೆ ನಗುವ ಮುಖವನ್ನು ಒತ್ತಿದ್ದಳು. ಕಣ್ಣೀರು ನೋಡಿ ಅಳುವ ಮುಖ ಅಂದುಕೊಂಡೆ ಎಂದು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಯಾರಿಗೂ ಹೇಳದೆ ಗ್ರೂಪಿನಿಂದ ಹೊರಬಂದಳು. ಅಲ್ಲಿಗೆ ಅಕ್ಕ ತಂಗಿಯರ ಮಾತೇ ನಿಂತಿತು.

ಆದರೂ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ಅಕ್ಕ ಮೊದಲು ತೆರೆಯುತ್ತಿದ್ದುದು ತಂಗಿಯ ಹೆಸರನ್ನೇ. ಅದರ ಕೆಳಗಿನ ಲಾಸ್ಟ್ ಸೀನ್ ಇವತ್ತಿನದೇ ಆಗಿದ್ದರೆ ಮನಸ್ಸಿಗೆ ಸಮಾಧಾನ. ಚೆನ್ನಾಗಿದ್ದಾಳೆ.

“ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎನ್ನುತ್ತಿದ್ದರು ಗಂಡ.

“ಅವಳಿಗೇನು ಕೈಯಿಲ್ವಾ? ಅವಳೇ ಮಾಡ್ಲಿ.”

ಗೌರಿ ಹಬ್ಬ ಬಂತು. ಬಾಗಿನದ ಮೊರಗಳನ್ನು ಜೋಡಿಸುವಾಗ ಅಕ್ಕನ ಕೈ ತಾನಾಗಿಯೇ ತಂಗಿಗೆಂದು ಒಂದನ್ನು ತೆಗೆದಿಟ್ಟಿತು. ಇನ್ನು ಬಿಂಕ ಸಾಕೆನಿಸಿ ಅವಳ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡದ್ದು ತಂಗಿಯ ಮಗಳು.

“ಅಮ್ಮನಿಗೆ ಕೊಡೇ. ಬಾಗಿನ ಎತ್ತಿಟ್ಟಿದ್ದೀನಿ, ಬಂದು ತಗೊಂಡು ಹೋಗ್ಲಿ.”



“ದೊಡ್ಡಮ್ಮ, ಅಮ್ಮ ಹೋಗಿ ತಿಂಗಳಾಯ್ತು. ಗ್ರೂಪಲ್ಲಿ ಹಾಕಿದ್ವಲ್ಲ. ಎಲ್ಲರೂ ಬಂದ್ರು, ನೀವೊಬ್ರು ಬರ್ಲಿಲ್ಲ. ಕೋಪ ಇನ್ನೂ ಹೋಗಿಲ್ಲ ಅಂದ್ಕೊಂಡ್ವಿ.”

“ಇವತ್ತು ಬೆಳಗ್ಗೆ ಕೂಡ ಅವಳು ಆನ್‌ಲೈನ್ ಇದ್ಲಲ್ಲೇ?”

“ಅದು ನಾನು, ದೊಡ್ಡಮ್ಮ. ಅಕ್ಕ ಚೆನ್ನಾಗಿದ್ದಾಳಾ ಅಂತ ದಿನಾ ಬೆಳಗ್ಗೆ ಲಾಸ್ಟ್ ಸೀನ್ ನೋಡ್ತಿರು ಅಂತ ಅಮ್ಮ ಹೇಳಿ ಹೋಗಿದ್ಲು.”