ಒಕ್ಕಣ್ಣ ಕಂಡದ್ದು

"ಬಲಗಾಲಿನ ಹೊಲಿಗೆ ಪೂರ್ತಿ ಬಿಚ್ಚಿಬಿಡು ತಾಯಿ. ಈ ಕಬ್ಬಿಣದ ಬೇಲಿ ಯಾವ ಪ್ಯಾಂಟಲ್ಲೂ ತೂರಲ್ಲ," ಎಂದು ಮುದುಕಿ ಮಗನ ಪ್ಯಾಂಟನ್ನು ಹೊಲಿಗೆ ಮೆಶೀನಿನ ಮೇಲಿಟ್ಟಳು. ಮಗ ಊರುಗೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತ. ಅವನ ಮೊಣಕಾಲಿನ ಕೆಳಗೆ, ಮೂಳೆಗೆ ಕೂರಿಸಿದ ನಾಲ್ಕು ಸರಳುಗಳು ಚರ್ಮ ದಾಟಿ ಹೊರಗೆ ಚಾಚಿದ್ದವು.

ದರ್ಜಿ ಹೆಂಗಸು ಟೇಪು ಹಿಡಿದು ಮಂಡಿಯೂರಿದಳು. ತಲೆ ಎತ್ತಲಿಲ್ಲ.

"ಬೈಕಿಂದ ಬಿದ್ದಾಗ ಇವನ ಬಾಯಿಗೆ ನೀರು ಬಿಟ್ಟವಳು ನೀನೇ ಅಂತೆ. ನಿನ್ನ ಹೊಟ್ಟೆ ತಣ್ಣಗಿರಲಿ!"

ನೀರು ತಂದದ್ದು ಆಮೇಲೆ. ಅದಕ್ಕೂ ಮೊದಲು ಅವಳು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಗಲ್ಲಿಯ ಬಾಯಲ್ಲಿ ಅವಳ ಅಂಗಡಿ. ಎದುರಿಗೆ, ರಸ್ತೆ ಕೂಡುವಲ್ಲಿ, ಕಂಬದ ಮೇಲೊಂದು ಉಬ್ಬುಗನ್ನಡಿ. ಬೀದಿಯವರು ಅದನ್ನು ಒಕ್ಕಣ್ಣ ಅನ್ನುತ್ತಿದ್ದರು. ಗಲ್ಲಿಯಿಂದ ಹೊರಬೀಳುವವರಿಗೆ ಬಲಗಡೆಯಿಂದ ಬರುವ ಗಾಡಿ ತೋರಿಸುವುದೇ ಅದರ ಕೆಲಸ. ಎಡಗಡೆ ಹೊಸ ಹೊಲಿಗೆ ಅಂಗಡಿ, ಮುಂದೊಂದು ಫ್ರಾಕು ತೊಟ್ಟ ಬೊಂಬೆ ನಿಲ್ಲಿಸಿಕೊಂಡು, ಬಾಗಿಲು ತೆರೆದ ವಾರವೇ ಅವಳು ಶಟರ್ ಎಳೆಯುವ ಕೊಕ್ಕೆಕೋಲಿನಿಂದ ಒಕ್ಕಣ್ಣನ ಮುಖವನ್ನು ಗೇಣುದ್ದ ಆ ಕಡೆಗೆ ತಿರುಗಿಸಿದ್ದಳು. ಕೂತಲ್ಲೇ ಕಾಣುತ್ತಿತ್ತು, ತನ್ನ ಗಿರಾಕಿಗಳಲ್ಲಿ ಯಾರು ಯಾರು ಆ ಮೆಟ್ಟಿಲು ಹತ್ತುತ್ತಾರೆ ಅಂತ. ಅವತ್ತು ಗಲ್ಲಿಯಿಂದ ಹೊರಬಿದ್ದ ಇವನ ಬೈಕಿಗೂ ಬಲಗಡೆಯಿಂದ ಬಂದ ಇನ್ನೊಂದಕ್ಕೂ ಡಿಕ್ಕಿಯಾಗಿ, ಜನ ಇವನನ್ನು ಎತ್ತುತ್ತಿದ್ದಾಗ, ಅವಳು ಕೋಲು ಹಿಡಿದು ಅದನ್ನು ಮೊದಲಿನಂತೆ ಮಾಡಿದ್ದಳು.

"ಕನ್ನಡಿ ನೋಡಿಯೇ ಬಂದೆ ಅಕ್ಕ. ರಸ್ತೆ ಖಾಲಿ ಇತ್ತು," ಎಂದ ಮಗ.

"ಖಾಲಿ ಎಲ್ಲಿ? ಹಳದಿ ಫ್ರಾಕು ಹಾಕಿದ ಬೊಂಬೆ ನಿಂತಿತ್ತಂತಲ್ಲ ಅದರಲ್ಲಿ!" ಮುದುಕಿ ಬಾಗಿಲಾಚೆ ಕೈ ಮಾಡಿದಳು. "ತೋರ್ಸು, ಎಲ್ಲಿದ್ದಾಳೆ ನಿನ್ನ ಸುಂದರಿ? ಆ ಇನ್ನೊಬ್ಬ ಪಾಪ ಹೆಗಲ ಮೂಳೆ ಮುರ್ಕೊಂಡು ಮಲಗಿದ್ದಾನೆ, ಇವನು ಬೊಂಬೆ ಕತೆ ಹೇಳ್ತಾನೆ."

ಅವನು ಕತ್ತು ಚಾಚಿ ನೋಡಿದ. ಕನ್ನಡಿಯಲ್ಲಿ ಬಲಗಡೆಯಿಂದ ಲಾರಿಯೊಂದು ಬರುತ್ತಿತ್ತು, ಅದರ ಹಿಂದೆ ಸೈಕಲ್ಲು. ಎಲ್ಲ ಸ್ಪಷ್ಟ.

"ಬಿಡಮ್ಮ. ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ. ನಾಳೆ ಪೊಲೀಸರಿಗೆ ಬರೆದುಕೊಡ್ತೀನಿ, ನೋಡದೆ ನುಗ್ಗಿದೆ, ತಪ್ಪು ನಂದೇ ಅಂತ."

ಅವಳ ಕೈಯಿಂದ ಟೇಪು ಜಾರಿ ಸರಳುಗಳ ನಡುವೆ ಸಿಕ್ಕಿಕೊಂಡಿತು. ಒಂದೊಂದೇ ಸರಳಿನಿಂದ ಅದನ್ನು ಬಿಡಿಸತೊಡಗಿದಳು.

"ಅಳತೆ ಆಯ್ತೇನಮ್ಮ?" ಎಂದಳು ಮುದುಕಿ.

"ಹಳದಿ ಅಲ್ಲ," ಎಂದಳು ದರ್ಜಿ, ನೆಲ ನೋಡುತ್ತ. "ಸಾಸಿವೆ ಬಣ್ಣ. ಫ್ರಾಕಿನ ಅಂಚು ಒಂದು ಕಡೆ ಇಳಿದಿತ್ತು. ಇಲ್ಲೇ ಕೂತು ಕನ್ನಡೀಲಿ ದಿನಾ ನೋಡ್ತಿದ್ದೆ."